ಕಬ್ಬಿಣಕ್ಕೆ ಯಾವ ಸೋಮವಾರ?

ಒಂದಾನೊಂದು ಊರಿತ್ತು ಎಂದು ಶುರು ಮಾಡಬಹುದಿತ್ತು. ಆದರೆ ಆ ಊರು ಈಗಲೂ ಇದೆ, ಅಣ್ಣಿಗೇರಿ ಸೀಮೆಯ ಶಲವಡಿ. ಅಲ್ಲಿ ಪ್ರಭು ಎಂಬ ರೈತ. ಕತೆಯ ರಾಜನಿಗೆ ಮಕ್ಕಳಿಲ್ಲದ ಹಾಗೆ ಇವನಿಗೆ ಎತ್ತಿರಲಿಲ್ಲ. ರಾಜನಾದರೆ ದೇವರಿಗೆ ಹರಕೆ ಹೊರುತ್ತಿದ್ದ. ಪ್ರಭು ಹೆಂಡತಿ ಸುನಿತಾಳ ಎಮ್ಮೆ ಮಾರಿಸಿದ. ಹರಕೆಗಿಂತ ಬೇಗ ಫಲ ಸಿಕ್ಕಿತು. ಶ್ರಾವಣದ ಒಂದು ಭಾನುವಾರ ಸಂಜೆ ಮನೆ ಮುಂದೆ ಪುಟ್ಟ ಟ್ರ್ಯಾಕ್ಟರೊಂದು ಲಾರಿಯಿಂದ ಇಳಿಯಿತು, ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಹಾಗೆ, ಪ್ಲಾಸ್ಟಿಕ್ಕಿನ ಸೆರಗು ಹೊದ್ದುಕೊಂಡು.

ಊರು ನೋಡಲು ಬಂತು.

“ಇದರ ತಾಯಿ ಎಲ್ಲೈತೋ?” ಎಂದು ಕುರಿಗಾರ ಮುದಕಪ್ಪ ಲಾರಿಯೊಳಗೆ ಇಣುಕಿದ.

“ಹಾಲು ಬಿಡಿಸೇ ತಂದೀಯೋ, ಇನ್ನೂ ಕುಡೀತೈತೋ?” ಎಂದ ಬಾಜು ಮನೆಯ ಹುಲಿಗೆಪ್ಪ.

ಪ್ರಭುವಿಗೆ ರೋಷ ಬಂತು. “ನಗಬ್ಯಾಡ್ರಿ. ದೊಡ್ಡ ಟ್ರ್ಯಾಕ್ಟರ್ ಹೊಗಲಾರದ ಓಣ್ಯಾಗ ಇದು ಹೋಗತೈತಿ. ಬೆಳಿ ಸಾಲಿನ ನಡುವ ಹೋಗತೈತಿ. ಕರದ ಕಡೆಗೆಲ್ಲಾ ಹೋಗತೈತಿ!”

ಕಡೆಯ ಮಾತು ಜಾಸ್ತಿಯಾಯಿತು.

ರಾತ್ರಿ ಊಟಕ್ಕೆ ಕೂತಾಗ ಸುನಿತಾ ಮೊಸರಿಲ್ಲದ ತಾಟು ಅವನ ಮುಂದೆ ಸರಿಸಿದಳು. “ನನ್ನ ಎಮ್ಮಿ ಹೋತು. ಹಿತ್ತಲದ ಐದು ಗುಂಟೆ ಮೆಣಸಿನಗಿಡಕ್ಕ ಮೊದಲ ಎಡಿ ಹೊಡದು ಸಾಲಿನ ಕಸ ತಗೀತೀನಿ ಅಂದಿದ್ರಿ. ಕಸ ಗಿಡದ ಎತ್ತರ ಬಂದೈತಿ. ನಾಳೆ ಹೊತ್ತು ಮುಳುಗೂದ್ರಾಗ ಆಗಲಿಲ್ಲಂದ್ರ ನಾ ನಾಡದ್ದ ಸಂಶಿಗೆ, ತವರಿಗೆ. ಚಹಾಕ್ಕ ಹಾಲು ನೀವ ಹಿಂಡ್ಕೋರಿ, ನಿಮ್ಮ ಟ್ರ್ಯಾಕ್ಟರಿನ್ಯಾಗ.”

“ಹೊತ್ತು ಮುಳುಗೂದ್ರಾಗ ಅಂದ್ರ ಹೊತ್ತು ಮುಳುಗೂದ್ರಾಗ,” ಎಂದು ಪ್ರಭು ಅನ್ನದ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಬೆಳಿಗ್ಗೆ ಅವನ ತಾಯಿ ಗುರವ್ವ ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಗಂಡನ ಕಾಲದ ಎತ್ತಿನ ಗೆಜ್ಜೆಸರ ಕಟ್ಟಿ, ಬಸವಣ್ಣ ಎಂದು ಹೆಸರಿಟ್ಟಳು. ಆಮೇಲೆ ನೆನಪಾಯಿತು. “ಪ್ರಭು, ಇವತ್ತ ಸೋಮವಾರ. ಹೂಡಬ್ಯಾಡ.”

ಸೋಮವಾರ ಬಸವಣ್ಣನ ವಾರ. ಆ ಸೀಮೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ತಾಗುವುದಿಲ್ಲ. ಮಳೆ ಬರಲಿ, ಬೆಂಕಿ ಬರಲಿ, ಎತ್ತು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ.

“ಕಬ್ಬಿಣಕ್ಕ ಯಾವ ಸೋಮವಾರ ಬೇ?” ಎಂದು ಪ್ರಭು ನಕ್ಕ. ನಗು ಗೋಡೆಯಾಚೆಗೂ ಕೇಳಿಸಿತು. ಆಚೆ ಹುಲಿಗೆಪ್ಪ ಬೇವಿನಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಕಡ್ಡಿ ಅಲ್ಲೇ ನಿಂತಿತು.

“ಅಗದಿ ಬರೋಬ್ಬರಿ ಮಾತು!” ಎನ್ನುತ್ತ ಗೋಡೆ ಮೇಲೆ ಅವನ ತಲೆ ಎದ್ದಿತು. “ಆರು ವರ್ಷ ನನ್ನ ಎತ್ತು ನಿನ್ನ ಹೊಲದಾಗ ದುಡದಾವು. ಮುಯ್ಯಿ ತೀರಿಸತೀನಿ ಕಾಕಾ, ತೀರಿಸತೀನಿ ಅಂತಿದ್ದಿ. ನನ್ನ ಎತ್ತಿಗೆ ಇವತ್ತ ಸೂಟಿ. ನಿನ್ನದಕ್ಕ ಇಲ್ಲಲ್ಲ, ನಡಿ ಹೋಗೂಣು.”

ಎತ್ತು ಕೊಟ್ಟವನಿಗೆ ಆಳಾಗಿ, ಆಳು ಕೊಟ್ಟವನಿಗೆ ಗಾಡಿಯಾಗಿ ತೀರಿಸುವ ಋಣ ಮುಯ್ಯಿ. ಇಲ್ಲವೆಂದವನಿಗೆ ಮುಂದಿನ ಹಂಗಾಮಿಗೆ ಊರಿನಲ್ಲಿ ಹಗ್ಗವೂ ಸಿಗುವುದಿಲ್ಲ. ಪ್ರಭು ಹೊರಟ. ಹೊಸ ಸೀಟಿನ ಪ್ಲಾಸ್ಟಿಕ್ ತೆಗೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ತಿರುವು ಬಂದಾಗಲೆಲ್ಲ ಬೆಣ್ಣೆ ಮೇಲಿನ ನೊಣದಂತೆ ಜಾರಿ, ಸ್ಟಿಯರಿಂಗಿಗೆ ಜೋತುಬಿದ್ದು ಮೇಲೆ ಬರುತ್ತಿದ್ದ. ಹುಲಿಗೆಪ್ಪನ ಹತ್ತಿ ಹೊಲ ಮುಗಿಯುವಾಗ ನೆತ್ತಿ ಸುಡುತ್ತಿತ್ತು.

ಬದುವಿನ ಮೇಲೆ ರಜಿಯಾಬಿ ಕಾದು ಕೂತಿದ್ದಳು. ಪ್ರತಿ ಸುಗ್ಗಿಗೆ ಪ್ರಭುವಿನ ರಾಶಿ ಮನೆ ಸೇರುತ್ತಿದ್ದುದು ಅವಳ ಎತ್ತಿನ ಚಕ್ಕಡಿಯಲ್ಲಿ. ಆ ಚಕ್ಕಡಿ ಈಗ ಅವಳ ಓಣಿಯ ಕೆಸರಿನಲ್ಲಿ ಅಚ್ಚಿನವರೆಗೆ ಹೂತಿತ್ತು.

“ಬ್ಯಾರೆ ಟ್ರ್ಯಾಕ್ಟರ್ ನಮ್ಮ ಓಣ್ಯಾಗ ಹೊಗಂಗಿಲ್ಲ ಬೇಟಾ. ನಿಂದು ಕರದ ಕಡೆಗೆಲ್ಲಾ ಬರತೈತಂತ?”

ಹಗ್ಗ ಕಟ್ಟಿ ಎಳೆದ. ಚಕ್ಕಡಿ ಬಂತು. ಚಕ್ಕಡಿಗೆ ಕಟ್ಟಿದ್ದ ಕೋಳಿಗೂಡೂ ಬಂತು. ಏಳು ಕೋಳಿ ಏಳು ದಿಕ್ಕಿಗೆ ಹಾರಿದವು. ಒಂದು ಹುಂಜ ಮಾತ್ರ ಬಾನೆಟ್ಟಿನ ಮೇಲೆ ವಿಭೂತಿಯ ನಡುವೆ ಪಟ್ಟಕ್ಕೆ ಬಂದ ಅರಸನಂತೆ ಕೂತಿತು, ಇಳಿಸಿದರೂ ಇಳಿಯಲಿಲ್ಲ.

ಓಣಿಯ ಬಾಯಲ್ಲಿ ಮುದಕಪ್ಪ ನಿಂತಿದ್ದ. “ನನ್ನ ಕುರಿ ನಿನ್ನ ಹೊಲದಾಗ ಎಷ್ಟ ದಿನ ತಂಗ್ಯಾವ, ಎಷ್ಟ ಗೊಬ್ಬರಾ ಕೊಟ್ಟಾವ, ನೆನಪೈತೇನಲೇ? ದೊಡ್ಡಿಗೆ ಜಾಲಿಮುಳ್ಳು ಎಳಿಬೇಕು.” ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಇನ್ನಿಬ್ಬರು. ಪಾಳಿ ರೇಷನ್ ಅಂಗಡಿ ಮುಂದಿನದರಷ್ಟು ಉದ್ದವಿತ್ತು. ಸೂರ್ಯ ಪಡುವಣಕ್ಕೆ ವಾಲಿದ್ದ. ಅಷ್ಟು ದೂರದಲ್ಲಿ ಸುನಿತಾ ಮನೆಯ ಕಟ್ಟೆ ಮೇಲೆ ನಿಂತು ಅದೇ ಸೂರ್ಯನನ್ನು ನೋಡುತ್ತಿದ್ದಳು.

ಪ್ರಭುವಿಗೆ ಒಂದು ಉಪಾಯ ಹೊಳೆಯಿತು. ಟ್ರ್ಯಾಕ್ಟರನ್ನು ಮನೆ ಮುಂದೆ ತಂದು ನಿಲ್ಲಿಸಿ, ಇಳಿದು, ಹಿಂದೆಯೇ ಬಂದ ಪಾಳಿಯ ಎದುರು ಗಲ್ಲ ಗಲ್ಲ ಬಡಿದುಕೊಂಡ.

“ದೊಡ್ಡ ತಪ್ಪಾತ್ರಿ! ನಮ್ಮವ್ವ ಇದಕ್ಕ ಬಸವಣ್ಣ ಅಂತ ಹೆಸರಿಟ್ಟಾಳ. ಶ್ರಾವಣ ಸೋಮವಾರ ಹೂಡಿ ಪಾಪ ಕಟ್ಟಿಕೊಂಡೆ. ಇನ್ನ ಒಂದ ಗೇಣು ಎಳೆಯಂಗಿಲ್ಲ. ಎಲ್ಲಾರೂ ಮನಿಗೆ ನಡೀರಿ.”

ಸುನಿತಾ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದಳು, “ನನ್ನ ಮೆಣಸಿನಗಿಡ?”

“ಸುಮ್ಮನಿರು. ಇವ್ರು ಹೋಗಲಿ, ಅರ್ಧ ತಾಸಿನ್ಯಾಗ ಹೊಡದ ಒಗೀತೀನಿ.”

ಆದರೆ ಅವರು ಹೋಗಲಿಲ್ಲ.

“ಖರೇ ಐತಿ,” ಎಂದು ಎಲ್ಲರಿಗಿಂತ ಜೋರಾಗಿ ಹುಲಿಗೆಪ್ಪನೇ ಹೇಳಿದ. ಅವನ ಹತ್ತಿ ಹೊಲ ಮುಗಿದಿತ್ತಲ್ಲ. “ದೇವ್ರ ಮುಂದ ತಪ್ಪ ಒಪ್ಪಿಕೊಂಡಾನ ಹುಡುಗ. ನಾವೂ ದೋಷ ಕಳಕೊಳ್ಳೂಣು.” ಒಂದು ಕೊಡ ನೀರು ಬಂತು. ಗಾಲಿ ತೊಳೆದರು. ಮುದಕಪ್ಪ ಅರಿಶಿನ ಹಚ್ಚಿದ. ರಜಿಯಾಬಿ ಹುಂಜ ಹಿಡಿಯಲು ಬಂದವಳು ಬೆಲ್ಲ ತಂದಿಟ್ಟು ಹೋದಳು. ಮುಂದಿನ ಗಾಲಿಯ ಬಳಿ ಯಾರೋ ಒಂದು ಸಿವುಡು ಹಸಿಹುಲ್ಲು ಹಾಕಿದರು. ಹುಲಿಗೆಪ್ಪ ಕೀಲಿಯನ್ನೇ ಕಿತ್ತು ಗುರವ್ವನ ಕೈಗಿಟ್ಟ. “ದೇವರ ಜಗಲಿ ಮ್ಯಾಲ ಇಡವ್ವಾ. ಮುಂಜಾನಿತನಕ ಯಾರೂ ಮುಟ್ಟಬಾರದು.”

ಮಗ ಹಾದಿಗೆ ಬಂದನೆಂದು ಗುರವ್ವನ ಕಣ್ಣು ತುಂಬಿದವು. ತಾಳ ಬಂತು, ಭಜನೆ ಅಂಗಳದಲ್ಲೇ ಶುರುವಾಯಿತು.

ಸುನಿತಾ ಅಟ್ಟ ಹತ್ತಿದಳು. ಇಳಿಯುವಾಗ ಕೈಯಲ್ಲಿ ಸೈಕಲ್ ಕುಂಟೆ ಇತ್ತು: ಹಳೆ ಸೈಕಲ್ಲಿನ ಒಂದು ಗಾಲಿ, ಒಂದು ಹಿಡಿಕೆ, ಕೆಳಗೆ ಕಸ ಕೀಳುವ ಅಲಗು, ಮುಂದೆ ಎಳೆಯಲು ಹಗ್ಗ.

“ಎತ್ತಿಗೆ ಸೋಮವಾರ. ಟ್ರ್ಯಾಕ್ಟರಿಗೂ ಸೋಮವಾರ,” ಎಂದಳು. “ಅತ್ತಿ, ನಿಮ್ಮ ಮಗನಿಗೂ ಐತೇನು?”

ಗುರವ್ವ ತಾಳ ನಿಲ್ಲಿಸಿ ಯೋಚಿಸಿದಳು. “ಇವಗೆಲ್ಲಿದು? ಹುಟ್ಟಿದ್ದ ಮಂಗಳವಾರ.”

ಹೀಗೆ ಪ್ರಭು ಹಗ್ಗ ಹೆಗಲಿಗೆ ಹಾಕಿಕೊಂಡ. ಹಿಂದೆ ಸುನಿತಾ ಹಿಡಿಕೆ ಒತ್ತಿದಳು. ಇಪ್ಪತ್ತೆಂಟು ಸಾಲು. ಹತ್ತನೆಯದಕ್ಕೆ ಅಂಗಿ ಬೆನ್ನಿಗೆ ಅಂಟಿತು, ಹದಿನೈದನೆಯದಕ್ಕೆ ನಾಲಿಗೆ ಹೊರಬಿತ್ತು. ಭಜನೆ ಮುಗಿಸಿದ ಜನ ಬದುವಿನ ಮೇಲೆ ಸಾಲಾಗಿ ಕೂತರು.

“ನಡಿಗಿ ಚಲೋ ಐತಿ,” ಎಂದ ಮುದಕಪ್ಪ.

“ಹಾಯೂ ಚಾಳಿ ಇಲ್ಲ,” ಎಂದ ಹುಲಿಗೆಪ್ಪ. “ತಿರುವಿನ್ಯಾಗ ಜಾರೂದೂ ಇಲ್ಲ.”

“ಬಲಕ್ಕ! ಬಲಕ್ಕ ಹೊಳ್ರಿ!” ಎಂದು ಸುನಿತಾ ಕೂಗಿದಳು. ಪ್ರಭು ಹೊರಳಿದ.

ಕಡೆಯ ಸಾಲಿಗೆ ಬಂದಾಗ ಸೂರ್ಯ ಬದುವಿನ ಅಂಚಿಗೆ ಹಣ್ಣು ಮೆಣಸಿನಕಾಯಿಯಂತೆ ತೂಗುತ್ತಿದ್ದ. ಹುಲಿಗೆಪ್ಪ ಎದ್ದು ನಿಂತು ಧೋತರ ಕೊಡವಿದ.

“ಸುನಿತಾ, ಎತ್ತಿಗೆ ಸೂಟಿ ಇದ್ದ ದಿನ ನಮ್ಮ ಕೆಲಸೆಲ್ಲಾ ನಿಂದರತೈತಿ ನೋಡವಾ. ಇನ್ನ ಮುಯ್ಯಿಗೆ ನಮಗ ಟ್ರ್ಯಾಕ್ಟರ್ ಬ್ಯಾಡ. ಬರೂ ಸೋಮವಾರ ಇವನ್ನ ಕಳಸ್ತಿಯೇನು?”

“ಬರೂ ಸೋಮವಾರ ಮುದಕಪ್ಪಕಾಕಾ ಹೇಳಿ ಇಟ್ಟಾನ್ರಿ,” ಎಂದಳು ಸುನಿತಾ, ಹಿಡಿಕೆ ಬಿಡದೆ. “ನೀವು ಅದರ ಮುಂದಿನ ಸೋಮವಾರ.”

ಪ್ರಭು ಏನೋ ಹೇಳಲು ಹಿಂದೆ ತಿರುಗಿದ. ಹಗ್ಗ ಜಗ್ಗಿತು. ಅಂಗಳದಿಂದ ಗಾಳಿಗೆ ಬಸವಣ್ಣನ ಗೆಜ್ಜೆಸರ ಸಣ್ಣಗೆ ಗಿಲಿಗಿಲಿ ಎಂದಿತು. ಅದರ ಮುಂದೆ ಹಾಕಿದ ಹುಲ್ಲು ಹಾಗೇ ಇತ್ತು. ಅವನು ಮತ್ತೆ ಮುಂದಕ್ಕೆ ಬಾಗಿದ. ಇನ್ನು ನಾಲ್ಕು ಗಿಡ, ಎರಡು, ಒಂದು. ಹೊತ್ತು ಮುಳುಗುವಷ್ಟರಲ್ಲಿ ಸುನಿತಾಳ ಮೆಣಸಿನಗಿಡಕ್ಕೆ ಎಡೆ ಹೊಡೆದು ಮುಗಿದಿತ್ತು.