ಷರಾ ಮುಚ್ಚಿದ್ದು

ಮುಚ್ಚಬೇಕಾಗಿದ್ದ ಒಂದು ಕಾಲಂ ಮುಚ್ಚದೆ ನಗರಸಭೆಯ ನಲ್ಲಿನೀರಿನ ನಕ್ಷೆಯನ್ನು ಇಂಟರ್‌ನೆಟ್ಟಿಗೆ ಏರಿಸಿದ್ದೇ ಎಲ್ಲಕ್ಕೂ ಕಾರಣ. ಏರಿಸಿದವನು ನಕ್ಷೆ ವಿಭಾಗದ ಗುಮಾಸ್ತ. ನಕ್ಷೆಯಲ್ಲಿ ಯಾವ ಮನೆಯ ಮೇಲೆ ಒತ್ತಿದರೂ ಪುಟ್ಟ ಚೌಕವೊಂದು ತೆರೆದು ಮನೆ ಸಂಖ್ಯೆ, ಪೈಪಿನ ಅಳತೆ, ನೀರು ಬರುವ ಹೊತ್ತು, ಹೀಗೆ ಐದು ವಿವರ ತೋರಿಸಬೇಕು. ತೋರಿಸಿತು. ಜೊತೆಗೆ ‘ಷರಾ’ ಎಂಬುದನ್ನೂ ತೋರಿಸಿತು. ಮನೆಮನೆ ಸುತ್ತುವಾಗ, ಮತ್ತೆ ಹೋಗಬೇಕಾದರೆ ನೆನಪಿರಲಿ ಎಂದು ಈ ಮಹಾರಾಯ ತನಗಾಗಿ ಬರೆದುಕೊಂಡ ಮಾತುಗಳು ಅವು. ತಾನು ವಾಸವಿದ್ದ ಬೀದಿಯನ್ನೂ ಬಿಟ್ಟಿರಲಿಲ್ಲ.

ಹತ್ತೂವರೆಗೆ ಹೆಂಡತಿಯ ಫೋನು ಬಂತು.

“ರೀ, ಕೆಳಗೆ ಓನರಮ್ಮ ನಕ್ಷೆ ನೋಡ್ತಿದಾರೆ. ಅವರ ಮನೆ ಒತ್ತಿದ್ರೆ ‘ನಾಯಿ ಸಾಧು, ಯಜಮಾನಿ ಕಚ್ಚುತ್ತಾರೆ’ ಅಂತ ಬರ್ತಿದೆ. ನಿಮ್ಮ ಕೆಲಸ ತಾನೆ?”

ಗುಮಾಸ್ತ ಫೋನು ಹಿಡಿದುಕೊಂಡೇ ಎದ್ದು ಬಾಗಿಲು ಮುಚ್ಚಿದ. ಓನರಮ್ಮ ನಿವೃತ್ತ ಹೆಡ್‌ಮಿಸ್ಸು. ಅವರ ಮಹಡಿಯಲ್ಲಿ ಇವನ ಬಿಡಾರ. ಐದು ಮನೆ ಬದಲಿಸಿದ ಮೇಲೆ ಸಿಕ್ಕ ಗಾಳಿ ಬೆಳಕಿನ ಮನೆ. ಇದೂ ಕೈತಪ್ಪಿದರೆ ನೇರ ತವರಿಗೇ ಹೋಗುವುದಾಗಿ ಹೆಂಡತಿ ಹೇಳಿಟ್ಟಿದ್ದಳು.

“ಬರೆದೋರು ಯಾರು ಅಂತ ಗೊತ್ತಾಯ್ತಾ?”

“ಇಲ್ಲ. ನೀವು ಬಾಯಿಲ್ಲದೋರು ಅಂತ ನಿಮ್ಮ ಮೇಲೆ ಯಾರಿಗೂ ಅನುಮಾನಾನೇ ಇಲ್ಲ. ಮೀಟರ್ ನೋಡೋನು ಅಂದ್ಕೊಂಡಿದಾರೆ. ಬರೆದೋನು ಕೈಗೆ ಸಿಗ್ಲಿ, ಬೀದೀಲೇ ಕಾಲಿಡೋಕೆ ಬಿಡಲ್ಲ ಅಂತಿದಾರೆ.”

“ಸುಮ್ನಿರು. ಒಂದು ಟಿಕ್ ತೆಗೆದ್ರೆ ಮುಗೀತು.”

ಷರಾ ಕಾಲಮ್ಮಿನ ಮುಂದಿದ್ದ ಟಿಕ್ ತೆಗೆದ. ಚೌಕದಲ್ಲಿ ಷರಾ ಇದ್ದ ಸಾಲು ಖಾಲಿಯಾಯಿತು. ಇಷ್ಟಕ್ಕೆ ಯಾರಾದರೂ ಹೆದರುತ್ತಾರೆಯೇ ಎಂದು ತನ್ನನ್ನು ತಾನೇ ಗದರಿಕೊಂಡು ಟೀ ತರಿಸಿದ. ಟೀ ಅರ್ಧವಾಗಿತ್ತು, ಮತ್ತೆ ಫೋನು.

“ರೀ, ಮೂಲೆಮನೆ ಲಾಯರು ಹುಡುಕೋ ಜಾಗದಲ್ಲಿ ‘ಜಿಪುಣ’ ಅಂತ ಹೊಡೆದ್ರು. ಏಳು ಮನೆ ಕೆಂಪಗೆ ಹೊಳೀತಿದೆ. ಈಗ ಬೀದಿಯವರೆಲ್ಲ ಓನರಮ್ಮನ ವರಾಂಡದಲ್ಲಿ ಕೂತು ತಮಗೆ ಗೊತ್ತಿರೋ ಬೈಗುಳ ಎಲ್ಲಾ ಹೊಡೆದು ನೋಡ್ತಿದಾರೆ. ‘ಬಡಾಯಿ’ ಅಂದ್ರೆ ಲಾಯರ ಮನೇನೇ ಬಂತು.”

ಗುಮಾಸ್ತ ಓಡಿಹೋಗಿ ಮೇಲಧಿಕಾರಿಯನ್ನು ಹಿಡಿದ. ಅವರು ಕನ್ನಡಕ ಏರಿಸಿ ನೋಡಿದರು.

“ಏನಯ್ಯಾ, ನೀನು ಪರದೆ ಎಳೆದಿದೀಯ ಅಷ್ಟೆ. ಸಾಮಾನು ಒಳಗೇ ಇದೆಯಲ್ಲ. ಆ ಕಾಲಂ ಬಿಟ್ಟು ಹೊಸ ಪ್ರತಿ ಮಾಡು, ಅದನ್ನ ಏರಿಸು, ಹಳೇದನ್ನ ಕಿತ್ತುಹಾಕು.”

ಊಟ ಬಿಟ್ಟು ಕೂತು ಹಾಗೆಯೇ ಮಾಡಿದ. ‘ಜಿಪುಣ’ ಎಂದು ಹೊಡೆದ, ಏನೂ ಬರಲಿಲ್ಲ. ‘ಬಡಾಯಿ’, ‘ಮೊಂಡ’, ‘ಕಚ್ಚುತ್ತಾರೆ’, ಯಾವುದಕ್ಕೂ ನಕ್ಷೆ ಮಿಸುಕಲಿಲ್ಲ. ಇನ್ನು ಬ್ರಹ್ಮ ಬಂದರೂ ಷರಾ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಕೆಲಸ ಮುಗಿಸಿ ಎದೆಯುಬ್ಬಿಸಿಕೊಂಡು ಮನೆಗೆ ನಡೆದ.

ವರಾಂಡದಲ್ಲಿ ಬೀದಿಗೆ ಬೀದಿಯೇ ಕೂತಿತ್ತು. ಹೆಂಡತಿಯೂ ಅಲ್ಲೇ ಒಂದು ಕಂಬಕ್ಕೆ ಒರಗಿ ನಿಂತಿದ್ದಳು. ಗುಮಾಸ್ತ ಮೆಟ್ಟಿಲು ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ.

“ಯಾರೋ ತಲೆಕೆಟ್ಟೋನು ಬರೆದಿದಾನಮ್ಮ. ನಾನೇ ಖುದ್ದಾಗಿ ಕೂತು ಬೇರುಸಹಿತ ಕಿತ್ತೆ. ಈಗ ನೋಡಿ ಬೇಕಾದ್ರೆ,” ಎಂದ.

“ನೀನಿದ್ದಿದ್ದು ಒಳ್ಳೇದಾಯ್ತು ಕಣಪ್ಪಾ,” ಎಂದು ಹೆಡ್‌ಮಿಸ್ಸು ಮನತುಂಬಿ ಹೇಳಿ, ತಮ್ಮ ಮನೆಯ ಮೇಲೆ ಒತ್ತಿದರು. ಷರಾ ಇರಲಿಲ್ಲ. ಆದರೆ ಆ ಚೌಕದಲ್ಲಿ ಹಿಡಿಯುವುದು ಆರೇ ಸಾಲು. ಹೊಸ ಪ್ರತಿಯಲ್ಲಿ ಆರನೆಯದಾಗಿದ್ದ ಷರಾ ಕಾಲಮ್ಮೇ ಇಲ್ಲದ್ದರಿಂದ, ಅದುವರೆಗೆ ಕೆಳಗೆ ಉಳಿದಿದ್ದ ಏಳನೆಯ ಸಾಲು ಮೇಲೆ ಬಂದು ಕೂತಿತ್ತು.

“‘ಮನೆಗೆ ಬಂದು ವಿವರ ಬರೆದುಕೊಂಡವರ ಮೊಬೈಲ್’ ಅಂತಿದೆ,” ಎಂದು ಹೆಡ್‌ಮಿಸ್ಸು ಓದಿದರು. “ಲಾಯರೇ, ಹೊಡೀರಿ ಈ ನಂಬರಿಗೆ. ಕೇಳೇ ಬಿಡೋಣ ಅವನನ್ನ.”

ಅವರು ಒಂದೊಂದೇ ಅಂಕಿ ಬಿಡಿಸಿ ಹೇಳಿದರು, ಲಾಯರು ಒಂದೊಂದಾಗಿ ಒತ್ತಿದರು. ಐದನೆಯ ಅಂಕಿಗೇ ಹೆಂಡತಿ ಕಂಬ ಬಿಟ್ಟು, ಬಟ್ಟೆಬರೆ ಕಟ್ಟಲು ಮೆಟ್ಟಿಲು ಹತ್ತತೊಡಗಿದಳು. ಹತ್ತನೆಯ ಅಂಕಿಯಾದ ಮೇಲೆ ಗುಮಾಸ್ತನ ಜೇಬಿನಲ್ಲಿ ಫೋನು ಬಡಿದುಕೊಂಡಿತು.