ವರ ಕೊಟ್ಟ ಟೈಮರ್

ಸಮಯಪಾಲನೆಯಲ್ಲಿ ನಮ್ಮೂರಿನ ಇಡೀ ಜಗತ್ ಸರ್ಕಲ್ಲಿಗೇ ಮಾದರಿಯಾಗಬೇಕೆಂದು ಒಂದು ಮುಂಜಾನೆ ತೀರ್ಮಾನಿಸಿದೆ. ಅಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಉದ್ದನೆಯ ಬೆಂಚು. ಕೆಲಸಕ್ಕೆ ಬರುವವರು ಒಬ್ಬರಾದರೆ ಬೆಂಚಿಗೆ ಬರುವವರು ಹತ್ತು ಮಂದಿ!

ಆ ದಿನ ಮಾತ್ರ ತಪ್ಪುವಂತಿರಲಿಲ್ಲ. ನಾದಿನಿಯ ಲಗ್ನಪತ್ರಿಕೆ ಮಾಡುವ ಹೊಣೆ ನನ್ನದು. ಮರುದಿನ ಮುಂಜಾನೆ ಕಮಲಾಪುರದ ಮಾವನ ಮನೆಯಲ್ಲಿ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಆಮೇಲೆ ಹಂಚಲು ಹೊರಡುವುದಿತ್ತು.

"ನಮ್ಮಪ್ಪನ ಮುಂದ ನನ್ನ ಮಾನ ಕಳೀಬ್ಯಾಡ್ರಿ," ಎಂದಳು ಹೆಂಡತಿ.

"ಟೈಮರ್ ಹಾಕೀನಿ, ಚಿಂತಿ ಬಿಡು!" ಎಂದೆ.

ಟೈಮರ್ ಎಂದರೆ ಗೆಳೆಯನೊಬ್ಬ ಫ್ಲಾಪಿಯಲ್ಲಿ ತಂದುಕೊಟ್ಟಿದ್ದ ಪುಟ್ಟ ಪ್ರೋಗ್ರಾಂ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತದೆ. ವೇಳೆ ಮುಗಿದರೆ 'ಠಣ್' ಎಂದು ಘಂಟೆ, ಮತ್ತೆ ಮೊದಲಿನಿಂದ ಓಟ. ಹರಟೆಗೆ ಕಾಲು ಗಂಟೆ, ಠಣ್ ಎಂದೊಡನೆ ಬೆಂಚು ಖಾಲಿ. ಇದು ನನ್ನ ಘನ ಯೋಜನೆ!

ಬೆಂಚಿನ ಕಾಯಂ ಸದಸ್ಯರಾದ ಗುಂಡೇರಾವ್ ಮಾಸ್ತರರು, "ಈ ವರ್ಷ ನಮ್ಮ ಮಗಂಗ ಕನ್ಯಾ ಸಿಕ್ಕೇ ಸಿಗ್ತದ ನೋಡ್ರಿ," ಎನ್ನುತ್ತಿದ್ದರು. ಠಣ್!

"ವ್ಯಾಳ್ಯಾ ಆತ್ರೀ," ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಎದ್ದು ಕೈಮುಗಿದರು. "ಘಂಟಿ ಆತು! ಮಾತು ಖರೆ ಆಗ್ತದ!"

ಮಾತಾಡುವಾಗ ಘಂಟೆ ಬಾರಿಸಿದರೆ ಆ ಮಾತು ನಿಜವಾಗುತ್ತದೆ ಎಂಬುದು ನಮ್ಮವರ ನಂಬಿಕೆ. ಪ್ರೋಗ್ರಾಂ ಬರೆದ ಪುಣ್ಯಾತ್ಮನಿಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದ ನಾನು ಮರೆತಿದ್ದೆ.

ಸುದ್ದಿ ಹಬ್ಬಿತು. ಪಕ್ಕದ ಬಟ್ಟೆ ಅಂಗಡಿಯವರು ಗಲ್ಲೆ ಬಿಟ್ಟು ಓಡಿ ಬಂದರು. ಜನ ಬೇಗ ತೊಲಗಲಿ ಎಂದು ಟೈಮರನ್ನು ಐದು ನಿಮಿಷಕ್ಕೆ ಇಳಿಸಿದೆ. ಈಗ ವರವೂ ಐದು ನಿಮಿಷಕ್ಕೊಂದು! ಬೆಂಚು ಸಾಲದೆ ಮೆಟ್ಟಿಲ ಮೇಲೂ ಭಕ್ತರು ಕುಳಿತರು. ಸದ್ದು ನಿಲ್ಲಿಸಲು ಹೋದರೆ ಮಾಸ್ತರರು ಗದರಿದರು: "ದೇವರ ಬಾಯಿ ಮುಚ್ಚತೀರೇನ್ರೀ?"

ಸಂಜೆ ಎಲ್ಲರೂ ಎದ್ದರು. ಕರೆಂಟ್ ಹೋಗಿತ್ತು! ಅಷ್ಟರಲ್ಲಿ ಪತ್ರಿಕೆಯಲ್ಲಿ ತಯಾರಾಗಿದ್ದದ್ದು ಗಣಪತಿ ಮಾತ್ರ. ಅವನನ್ನೂ ನಾನು ಸೇವ್ ಮಾಡಿರಲಿಲ್ಲ. ಬೆಳಗಾದರೂ ಕರೆಂಟ್ ಬರಲಿಲ್ಲ.

ಕಮಲಾಪುರಕ್ಕೆ ಬರಿಗೈಯಲ್ಲಿ ಹೋದೆ ಎಂದರೆ ಸುಳ್ಳಾದೀತು. ಮಾವನವರ ಸಿಟ್ಟು ಇಳಿಯಲೆಂದು ಒಂದು ಡಜನ್ ಬಾಳೆಹಣ್ಣು ಒಯ್ದಿದ್ದೆ. ಕೆಂಪು ಬಾಳೆಗೆ ಹೆಸರಾದ ಊರಿಗೆ ಬಾಳೆಹಣ್ಣು!

ದೇವರ ಮನೆಯಲ್ಲಿ ಪತ್ರಿಕೆಗಾಗಿ ಖಾಲಿ ಮಣೆ ಕಾದಿತ್ತು. ಹೊರಗೆ ಬೀಗರು ಕುಳಿತಿದ್ದರು. ಮಾವನವರು ಮಣೆಯನ್ನೊಮ್ಮೆ, ಬಾಳೆಹಣ್ಣನ್ನೊಮ್ಮೆ ನೋಡಿದರು. ಹೆಂಡತಿ ತಲೆ ತಗ್ಗಿಸಿದಳು. ಅದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

"ನಮ್ಮ ಅಳಿಯಂದ್ರ ಕೈಲೆ ಒಂದು ಕೆಲಸಾನೂ ವ್ಯಾಳ್ಯಾಕ ಆಗೂದಿಲ್ಲ ಬಿಡ್ರಿ," ಎಂದರು ಮಾವನವರು.

ಅದೇ ಕ್ಷಣಕ್ಕೆ ಒಳಗೆ ಆಚಾರ್ಯರು ಪೂಜೆಯ ಘಂಟೆ ಬಾರಿಸಿದರು.

ಎಲ್ಲರೂ ಕೈಮುಗಿದರು. ನಾನೂ ಮುಗಿದೆ!