ಮೇಲೋ ಕೆಳಗೋ ಎಂಬ ಬಗ್ಗೆ ಸಿಬ್ಬಂದಿ ಬಾಯಿ ಹಾಕದಿರುವ ಕುರಿತು

ಸಂಖ್ಯೆ: ಸಿಬ್ಬಂದಿ/ಮೇ.ಕೆ./೨೦೦೭-೦೮
ಹಾವೇರಿ

ವಿಷಯ: ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಸುಧಾರಾಣಿ ಇವರ ಸ್ತನವರ್ಧನೆ ಶಸ್ತ್ರಚಿಕಿತ್ಸೆಯಲ್ಲಿ ಇಂಪ್ಲಾಂಟನ್ನು (ಸಿಲಿಕೋನ್ ಚೀಲ) ಎದೆಯ ಸ್ನಾಯುವಿನ ಮೇಲಿಡುವ ಅಥವಾ ಕೆಳಗಿಡುವ ಬಗ್ಗೆ.

ಉಲ್ಲೇಖ: ಸದರಿಯವರ ರಜೆ ಅರ್ಜಿ (ಈಗಾಗಲೇ ಎಲ್ಲರೂ ಓದಿರುವುದು).

"ಸ್ಥಳ ನಿಗದಿಗಾಗಿ ಹುಬ್ಬಳ್ಳಿ ಡಾಕ್ಟರರನ್ನು ಕಾಣಬೇಕಿದೆ, ಮೇಲೋ ಕೆಳಗೋ ಇನ್ನೂ ತೀರ್ಮಾನವಾಗಿಲ್ಲ" ಎಂದು ಸದರಿಯವರು ರಜೆ ಕೋರಿದ್ದು ಸರಿಯಷ್ಟೆ. 'ಸ್ಥಳ ನಿಗದಿ' ಎಂಬ ಪದ ಕಂಡೊಡನೆ ಸಿಬ್ಬಂದಿ ಶಾಖೆಯು ಇದನ್ನು ವರ್ಗಾವಣೆಯೆಂದು ಭಾವಿಸಿ, ಮೇಲಿನ ಮಹಡಿಯಲ್ಲಿ ಕುರ್ಚಿ ಖಾಲಿ ಇಲ್ಲವೆಂದು ಷರಾ ಬರೆದು, ತಾಲ್ಲೂಕು ಶಾಖೆಗಳ ಅಭಿಪ್ರಾಯ ಕೇಳಿರುತ್ತದೆ. ಅವು ಕೊಟ್ಟೂ ಇರುತ್ತವೆ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ಬ್ಯಾಡಗಿ ಶಾಖೆಯ ರುದ್ರಮುನಿಯವರು, "ಮಾರ್ಕೆಟ್ಟಿಗೆ ಬಂದು ನೋಡ್ರಿ, ಚೀಲದಾಗ ಚಲೋ ಕಾಯಿ ಯಾವಾಗ್ಲೂ ಮ್ಯಾಲೇ ಇಟ್ಟಿರತಾರ" ಎಂದು 'ಮೇಲೆ'ಗೆ ಶಿಫಾರಸು ಮಾಡಿರುತ್ತಾರೆ. ಮೆಣಸಿನಕಾಯಿಯ ನಿಯಮವು ಸಿಬ್ಬಂದಿಗೆ ಅನ್ವಯಿಸುವುದಿಲ್ಲ.

೨. ರಾಣೇಬೆನ್ನೂರು ಶಾಖೆಯ ಸೋಮಣ್ಣನವರು, "ಬೀಜ ಮಣ್ಣಿನ ಕೆಳಗ ಇರಬೇಕ್ರಿ. ಮ್ಯಾಲಿದ್ರ ಹಕ್ಕಿ ಬಿಡತಾವೇನು?" ಎಂದಿರುತ್ತಾರೆ. ಅರ್ಜಿಯಲ್ಲಿ ಹಕ್ಕಿಗಳ ಪ್ರಸ್ತಾಪ ಇರುವುದಿಲ್ಲ.

೩. ತಾಲ್ಲೂಕುಗಳಲ್ಲಿ ಒಮ್ಮತ ಬಾರದ ಕಾರಣ, ಮೇಲೂ ಅಲ್ಲದ ಕೆಳಗೂ ಅಲ್ಲದ ಸ್ಥಳವನ್ನು ಹುಡುಕಲು ಗಂಡಸರ ಸಮಿತಿಯೊಂದನ್ನು ರಚಿಸಲಾಗಿತ್ತು. ಮಿರ್ಚಿ ಭಜಿ ಮುಗಿದ ನಂತರ ಅದನ್ನು ವಿಸರ್ಜಿಸಲಾಗಿದೆ. ಅಷ್ಟರಲ್ಲಿ ರಜೆ ಸಿಗದೆ ಡಾಕ್ಟರು ಕೊಟ್ಟ ತಾರೀಖು ಎರಡು ಬಾರಿ ತಪ್ಪಿದ್ದು, ಮತ್ತೆ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಅವರು ತಿಳಿಸಿರುತ್ತಾರೆ.

೪. ಇದರಿಂದ ನೊಂದ ಸುಧಾರಾಣಿಯವರು ನಿನ್ನೆ ಕೆಳಸಹಿದಾರರ ಕೊಠಡಿಗೆ ಅನುಮತಿಯಿಲ್ಲದೆ ಬಂದು ಹೇಳಿದ್ದು ಈ ಕೆಳಗಿನಂತಿದೆ:

"ಮಂದಿ ಮಾತು ಕೇಳಿ ಕೇಳಿ ಸಾಕಾಗೇತ್ರಿ ಸಾಹೇಬ್ರ. ಮೈ ನಂದು, ಆಶೆನೂ ನಂದು. ನಿಮ್ಮ ಹೊಟ್ಟಿ ಬೆಲ್ಟಿನ ಮ್ಯಾಲೆ ಜೋತು ಬಿದ್ದೈತಿ. ಅದನ್ನ ಮ್ಯಾಲಿಡಬೇಕೋ ಕೆಳಗಿಡಬೇಕೋ ಅಂತ ನಾವು ಯಾವತ್ತರ ಮೀಟಿಂಗ್ ಮಾಡೀವೇನ್ರಿ?"

೫. ಕಚೇರಿಯ ಕಡತಗಳನ್ನು ಪರಿಶೀಲಿಸಲಾಗಿ, ಕೆಳಸಹಿದಾರರ ಹೊಟ್ಟೆಯ ಬಗ್ಗೆ ಈವರೆಗೆ ಯಾವ ಮೀಟಿಂಗೂ ನಡೆದಿರುವುದಿಲ್ಲ. ಆದಕಾರಣ ರಜೆ ಮಂಜೂರು ಮಾಡಲಾಗಿದೆ. ಸ್ಥಳವನ್ನು ಸುಧಾರಾಣಿಯವರೇ ಡಾಕ್ಟರರನ್ನು ಕೇಳಿಕೊಂಡು ನಿರ್ಧರಿಸತಕ್ಕದ್ದು.

೬. ಅವರು ಮರಳಿದ ಮೇಲೆ "ಕಡೀಕ ಎಲ್ಲಿಟ್ರು?" ಎಂದು ಕೇಳುವುದು, ಕಡತ ತರುವ ನೆಪದಲ್ಲಿ ಸುತ್ತು ಹಾಕುವುದು, ಚಹಾ ಕಪ್ಪಿನ ಮೇಲಿಂದ ಇಣುಕುವುದು ಶಿಸ್ತುಕ್ರಮಕ್ಕೆ ಗುರಿಯಾಗುತ್ತದೆ.

(ಸಹಿ/-)
ಅಂದಾನೆಪ್ಪ
ಕಚೇರಿ ಮುಖ್ಯಸ್ಥರು

ಪ್ರತಿಗಳು:
ಬ್ಯಾಡಗಿ ಶಾಖೆಗೆ, ಮೆಣಸಿನಕಾಯಿಯ ಮಾದರಿ ಹಿಂದಿರುಗಿಸಿ.
ರಾಣೇಬೆನ್ನೂರು ಶಾಖೆಗೆ, ಬೀಜದ ಪೊಟ್ಟಣ ಸಹಿತ.
ಶ್ರೀಮತಿ ಸುಧಾರಾಣಿ ಇವರಿಗೆ, ಕ್ಷಮೆಯೊಂದಿಗೆ.
ಗೂಡುಸಾಬ, ಟೇಲರ್, ಇವರಿಗೆ: ಕೆಳಸಹಿದಾರರ ಪ್ಯಾಂಟಿನ ಸೊಂಟದ ಅಳತೆ ಹೊಸದಾಗಿ ತೆಗೆದುಕೊಳ್ಳಲು. ಬೆಲ್ಟು ಮೇಲೋ ಕೆಳಗೋ ಎಂಬುದನ್ನು ಖುದ್ದಾಗಿ ಚರ್ಚಿಸಲಾಗುವುದು.